ಡಬ್ಬಿಯಲ್ಲಿ ಮುಚ್ಚಿಟ್ಟ ಬರ್ಗರ್

ನನ್ನ ವಯಸ್ಸು ನಲವತ್ತಮೂರು. ಕೆಲಸ, ನಾಲ್ಕು ರಸ್ತೆ ಸೇರುವಲ್ಲಿರುವ ಬರ್ಗರ್ ಅಂಗಡಿಯಲ್ಲಿ ತವೆ ನೋಡಿಕೊಳ್ಳುವುದು. ಬೀದಿಯವರೆಲ್ಲ ತವೆಯಣ್ಣ ಎಂದೇ ಕರೆಯುತ್ತಾರೆ. ವಾಸ, ಅದೇ ಅಂಗಡಿಯ ಹಿಂದಿನ ಕಟ್ಟಡದ ಮೂರನೇ ಮಹಡಿ, ಮೆಟ್ಟಿಲ ಎಡಕ್ಕಿರುವ ಮನೆ. ಆಸ್ಪತ್ರೆಯ ಹಾಸಿಗೆಯ ಮೇಲೆ, ಪೂರ್ತಿ ಎಚ್ಚರದಲ್ಲಿದ್ದು, ಈ ಮೂಲಕ ತಿಳಿಸುವುದೇನೆಂದರೆ:

ನಾನು ಈ ಅಂಗಡಿಗೆ ಸೇರಿ ಎಂಟು ತಿಂಗಳಾಯಿತು. ನಮ್ಮ ಬಾಗಿಲಿನಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿ, ರಸ್ತೆಯ ಆಚೆ ಬದಿಗೆ ಪಂಚರ್ ಅಂಗಡಿ ಇದೆ. ಅದರ ಮಾಲೀಕರು ಐವತ್ತು ದಾಟಿದವರು, ಮಾತು ಕಡಿಮೆ. ಅವರ ಗೋಡೆಯ ಹಲಗೆಯ ಮೇಲೆ ನಮ್ಮ ಅಂಗಡಿಯ ಕಾಗದ ಹಾಸಿ ಇಟ್ಟ ಒಂದು ಬರ್ಗರ್ ಒಣಗಿ ಕೂತಿತ್ತು. ವರ್ಷದ ಮೇಲಾದರೂ ಕೊಳೆತಿಲ್ಲ, ಇರುವೆ ಕೂಡ ಮುಟ್ಟಿಲ್ಲ ಎಂದು ಪಂಚರ್ ಹಾಕಿಸಲು ಬಂದವರೆಲ್ಲ ನೋಡಿ ನಗುತ್ತಿದ್ದರು. ನಕ್ಕವರು ನೇರ ನಮ್ಮಲ್ಲಿಗೆ ಬಂದು, ಏನಣ್ಣಾ ಏನ್ ಮದ್ದು ಹಾಕ್ತೀಯಾ, ಇದನ್ನ ತಿಂದ್ರೆ ನಾವೂ ಕೊಳೆಯಲ್ವಾ ಎಂದು ಕೇಳುತ್ತಿದ್ದರು. ಮೊದಮೊದಲು ನಾನೂ ನಕ್ಕೆ. ಆಮೇಲೆ ಮೈ ಉರಿಯತೊಡಗಿತು.

ಮದ್ದು ಗಿದ್ದು ಏನೂ ಇಲ್ಲ. ಬನ್ನಿನ ನಡುವೆ ಇಡುವ ಪ್ಯಾಟಿ ತೆಳ್ಳಗಿರುತ್ತದೆ. ಕಾದ ತವೆಯ ಮೇಲೆ ಒತ್ತಿದರೆ ಅದರ ನೀರು ಬಹಳಷ್ಟು ಅಲ್ಲೇ ಹಾರಿಹೋಗುತ್ತದೆ. ಉಪ್ಪೂ ಇರುತ್ತದೆ. ಗಾಳಿಯಾಡುವ ಕಡೆ ಇಟ್ಟರೆ ಬೂಷ್ಟು ಹಿಡಿಯುವ ಮೊದಲೇ ಮಿಕ್ಕ ನೀರೂ ಆರುತ್ತದೆ. ಬೂಷ್ಟಿಗೆ ತೇವ ಬೇಕು. ಮನೆಯಲ್ಲಿ ಅಷ್ಟೇ ತೆಳ್ಳಗೆ ಮಾಡಿಟ್ಟರೂ ಹೀಗೆಯೇ ಆಗುತ್ತದೆ. ತೇವ ತಗುಲಿಸಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ನಾಲ್ಕೈದು ದಿನಕ್ಕೆ ಹಸಿರಾಗುತ್ತದೆ. ಇದನ್ನು ಹೇಳಿ ಹೇಳಿ ಬಾಯಿ ನೋವು ಬಂದಿತ್ತೇ ಹೊರತು ಒಬ್ಬನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದಿನಾಂಕ 10, ಬುಧವಾರ, ಬೆಳಿಗ್ಗೆ ಒಂಬತ್ತೂವರೆಗೆ ನಾನು ಹೋಗಿ ಅದನ್ನು ಬಿಸಾಡಿ ಎಂದು ಕೇಳಿದೆ. ಅವರು ತಲೆ ಎತ್ತದೆ, ಅದರ ತಂಟೆಗೆ ಬರಬೇಡ ಎಂದರು. ನಾನು ಹಲಗೆಯ ಕಡೆ ಕೈ ಚಾಚಿದ್ದಕ್ಕೆ ಕೊರಳಪಟ್ಟಿ ಹಿಡಿದು ರಸ್ತೆಗೆ ನೂಕಿದರು. ಎರಡೂ ಮೊಣಕಾಲು ತರಚಿಹೋದವು. ನಮ್ಮ ಅಂಗಡಿಯ ಮೇಲಿನ ಹೊಟ್ಟೆಕಿಚ್ಚಿಗೆ ಇದನ್ನು ಇಟ್ಟುಕೊಂಡಿದ್ದಾರೆ ಎಂದೇ ನಾನು ತಿಳಿದೆ.

ದಿನಾಂಕ 12, ಶುಕ್ರವಾರ, ಮಧ್ಯಾಹ್ನ ಒಂದು ನಲವತ್ತಕ್ಕೆ ಅವರು ಶಟರ್ ಅರ್ಧ ಎಳೆದು ಊಟಕ್ಕೆ ಹೋದರು. ನಾನು ಬಗ್ಗಿ ಒಳಗೆ ನುಗ್ಗಿ ಆ ಬರ್ಗರನ್ನು ಎತ್ತಿಕೊಂಡು ಬಂದೆ. ಕಳ್ಳತನ ಎಂದೇ ಬರೆದುಕೊಳ್ಳಿ. ಒಂದು ಬದಿ ಒಂದು ತುತ್ತಿನಷ್ಟು ಕಚ್ಚಿದ ಗುರುತಿತ್ತು, ಕಚ್ಚಿದ ಜಾಗದ ನಡುವೆ ಬನ್ನಿನ ಸಣ್ಣ ಎಳೆ ಹಾಗೇ ನಿಂತಿತ್ತು. ಇಲಿಯ ಕೆಲಸ ಎಂದುಕೊಂಡೆ. ನೀರು ಚಿಮುಕಿಸಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಎಣ್ಣೆ ಬಾಣಲೆಯ ಮೇಲಿನ ಗೂಡಿನಲ್ಲಿ ಇಟ್ಟೆ.

ಶನಿವಾರ ಬೆಳಿಗ್ಗೆ ಅವರು ಟೈರುಗಳನ್ನೆಲ್ಲ ರಸ್ತೆಗೆ ಎಳೆದು ಹಾಕಿ ಹುಡುಕುತ್ತಿದ್ದರು. ಹತ್ತು ಗಂಟೆಗೆ ನಮ್ಮ ಬಾಗಿಲಿಗೆ ಬಂದು, ಬೈಯದೆ, ನೀನೇನಾದ್ರೂ ನೋಡಿದ್ಯೇನಪ್ಪಾ ಎಂದು ಕೇಳಿದರು. ಇಲಿ ತಿಂದಿರ್ಬೇಕು ಎಂದೆ. ಒಳಗೊಳಗೇ ನಗುತ್ತಿದ್ದೆ.

ದಿನಾಂಕ 17, ಬುಧವಾರ, ಹನ್ನೊಂದು ಇಪ್ಪತ್ತಕ್ಕೆ ಡಬ್ಬಿ ಇಳಿಸಿ ನೋಡಿದೆ. ಪೂರಾ ಹಸಿರಾಗಿ ಕೂದಲೆದ್ದಿತ್ತು. ಅಂಗಡಿಯಲ್ಲಿ ಹನ್ನೊಂದು ಜನ ಗಿರಾಕಿಗಳಿದ್ದರು. ನಾನು ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, ಬನ್ನಿ ಸ್ವಾಮಿ ನೋಡಿ, ನಮ್ದೂ ಕೊಳೆಯತ್ತೆ ಎಂದು ರಸ್ತೆಗೆ ಕೇಳುವಂತೆ ಕೂಗಿದೆ. ಅವರು ಟೈರ್ ಬಿಚ್ಚುವ ಕಬ್ಬಿಣದ ಪಟ್ಟಿ ಕೈಯಲ್ಲಿದ್ದ ಹಾಗೆಯೇ ಬಂದರು. ಬಹಳ ಹೊತ್ತು ಡಬ್ಬಿಯೊಳಗೆ ನೋಡಿ, ಹಲ್ಲು ಎಲ್ಲಿ ಎಂದು ಕೇಳಿದರು. ಹಲ್ಲು ನಿಮ್ಮ ಬಾಯಲ್ಲಿ ಹುಡುಕ್ಕೊಳ್ಳಿ ಎಂದೆ. ಗಿರಾಕಿಗಳು ನಕ್ಕರು.

ಮೊದಲ ಏಟು ಕೌಂಟರಿನ ಮೇಲಿದ್ದ ನನ್ನ ಬಲಗೈಗೆ ಬಿತ್ತು. ಮೂರು ಬೆರಳು ಮುರಿದ ಸದ್ದು ನನಗೇ ಕೇಳಿಸಿತು. ಎರಡನೆಯದು ದವಡೆಗೆ. ಎರಡು ಹಲ್ಲು ನಾಲಗೆಯ ಮೇಲೆ ಬಂದವು. ಮೂರನೆಯದಕ್ಕೆ ಗಾಜಿನ ಪೆಟ್ಟಿಗೆ ಒಡೆಯಿತು. ಅವರು ಕೌಂಟರ್ ಹತ್ತಿ ಇಳಿದು ನನ್ನನ್ನು ತವೆಯ ಮೇಲೆ ಒತ್ತಿದರು. ಸುಟ್ಟ ವಾಸನೆ ನನಗೆ ಹೊಸದಲ್ಲ, ಅದು ನನ್ನದೇ ಮೊಣಕೈ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನೂ ಸುಮ್ಮನಿರಲಿಲ್ಲ. ಎಡಗೈಯಿಂದ ತವೆ ಕೆರೆಯುವ ತಗಡು ಎತ್ತಿ ಬೀಸಿದೆ. ಅವರ ಕೆನ್ನೆ ಕಿವಿಯಿಂದ ಗಲ್ಲದವರೆಗೆ ಬಿರಿಯಿತು. ಆ ಗಲಾಟೆಯಲ್ಲಿ ಡಬ್ಬಿ ನೆಲಕ್ಕೆ ಬಿದ್ದು ಮುಚ್ಚಳ ಹಾರಿತು.

ಅವರು ನನ್ನನ್ನು ಬಿಟ್ಟು ಮಂಡಿಯೂರಿ ಅದರ ಮೇಲೆ ಬಾಗಿದರು. ನಾನು ಅವರ ಬೆನ್ನಿಗೆ ನಾಲ್ಕು ಸಲ ಹೊಡೆದೆ, ಪಕ್ಕೆಗೆ ಒಂದು ಸಲ ಒದ್ದೆ. ಅವರು ಕೈ ಎತ್ತಲಿಲ್ಲ. ರಕ್ತ ಬರ್ಗರಿನ ಮೇಲೆ ಬೀಳಬಾರದೆಂದು ಮುಖವನ್ನು ಒಂದು ಕಡೆಗೆ ತಿರುಗಿಸಿ ಹಿಡಿದಿದ್ದರು. ಅದನ್ನು ನೋಡಿಯೂ ನಾಲ್ಕನೆಯ ಏಟು ಹಾಕಿದೆ ಎಂಬುದನ್ನು ಬಿಡದೆ ಬರೆದುಕೊಳ್ಳಬೇಕು.

ಹನ್ನೊಂದೂವರೆಗೆ ಅವರ ಹೆಂಡತಿ ಓಡಿ ಬಂದರು. ಆ ಅಕ್ಕ ಹೇಳಿದ್ದು ಇಷ್ಟು. ಅವರಿಗೆ ಏಳು ವರ್ಷದ ಮಗಳಿದ್ದಳು. ಹದಿನಾಲ್ಕು ತಿಂಗಳ ಹಿಂದೆ ಸ್ಕೂಲು ಬಿಟ್ಟು ಅಪ್ಪನ ಅಂಗಡಿಗೆ ಬಂದವಳು ಆ ಬರ್ಗರನ್ನು ಒಂದು ತುತ್ತು ಕಚ್ಚಿ, ತಲೆನೋವು ಎಂದು ಹೇಳಿ, ನಾಳೆ ಬಂದು ತಿಂತೀನಿ, ಯಾರೂ ಮುಟ್ಟಬೇಡಿ ಎಂದು ಅದನ್ನು ಹಲಗೆಯ ಮೇಲಿಟ್ಟು ಮನೆಗೆ ಹೋದಳು. ಮೆದುಳುಜ್ವರ. ಮೂರನೇ ದಿನಕ್ಕೆ ಹೋಗಿಬಿಟ್ಟಳು. ಆಗ ಅವಳ ಮುಂದಿನ ಒಂದು ಹಲ್ಲು ಬಿದ್ದಿತ್ತಂತೆ. ಆ ಹಲ್ಲಿಲ್ಲದ ಸಂದಿನಲ್ಲಿ ಕಚ್ಚದೆ ಉಳಿದದ್ದೇ ಬನ್ನಿನ ನಡುವೆ ನಿಂತಿದ್ದ ಎಳೆ.

ಹನ್ನೆರಡು ಗಂಟೆಗೆ ನಿಮ್ಮ ಠಾಣೆಯವರು ಬಂದು ಅವರನ್ನು ಕರೆದುಕೊಂಡು ಹೋದರು. ಬರ್ಗರನ್ನು ಸಾಕ್ಷಿಗೆಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಅಂಟಿಸಿ ಸೀಲ್ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಾಗಿ ಈಗ ಇಪ್ಪತ್ತಮೂರು ಗಂಟೆಯಾಯಿತು. ಎಡ ಅಂಚಿನಲ್ಲಿ ಇನ್ನೂ ಎರಡು ಹಲ್ಲಿನ ಗುರುತು ಉಳಿದಿತ್ತು. ಕವರಿನೊಳಗೆ ತೇವ ಹೊರಗೆ ಹೋಗುವುದಿಲ್ಲ. ನಾಳೆಗೆ ಅದೂ ಇರುವುದಿಲ್ಲ. ಏಟು ಹಾಕಿದ ಕೇಸು ನಡೆಯಲಿ, ಕದ್ದ ಕೇಸು ನನ್ನ ಮೇಲೂ ನಡೆಯಲಿ. ಮೊದಲು ಈಗಲೇ ಫೋನ್ ಮಾಡಿ ಆ ಕವರನ್ನು ಬಿಚ್ಚಿಸಿ, ಬರ್ಗರನ್ನು ಕಾಗದದ ಮೇಲೆ ಫ್ಯಾನಿನ ಕೆಳಗೆ ಇಡಿಸಿ. ಯಾರೂ ಮುಟ್ಟಬೇಡಿ ಎಂದು ಹೇಳಿ.

ಇಷ್ಟೂ ನಾನೇ ಹೇಳಿ ಬರೆಸಿದ್ದು, ಓದಿಸಿ ಕೇಳಿದ್ದೇನೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಆಸ್ಪತ್ರೆ, ಏಳನೇ ವಾರ್ಡು
ದಿನಾಂಕ: 18, ಗುರುವಾರ, ಬೆಳಿಗ್ಗೆ 11.00
ಬಲಗೈ ಕಟ್ಟಿರುವುದರಿಂದ ಸಹಿಯ ಬದಲು ಎಡಗೈ ಹೆಬ್ಬೆಟ್ಟು