ಎರಡನೇ ಕೂಸಿಗೂ ಜಾಗ

ಮೊಮ್ಮಗಳ ಹೆರಿಗೆಗೆ ಕಾದೂ ಕಾದೂ ಆಸ್ಪತ್ರೆ ಬೆಂಚಲ್ಲಿ ಬೇರು ಬಿಟ್ಟಿದ್ದೆ. ಪಕ್ಕದಲ್ಲೇ ಕಂಪ್ಯೂಟರ್ ರೂಮಿನ ಹುಡುಗಿಗೂ ದಡಿಯನಿಗೂ ಜಟಾಪಟಿ.

"ಅಣ್ಣಾ, ವಾರ್ಡಲ್ಲಿ ಒಬ್ಬಳಿಗೆ ಅವಳಿ ಹುಟ್ಟಿದಾವೆ. ನಮ್ಮ ದಾಖಲೆ ಟೇಬಲ್ಲಲ್ಲಿ ತಾಯಿ ಹೆಸರಿನ ಮುಂದೆ ಮಗುವಿಗೆ ಒಂದೇ ಕಾಲಂ. ಎರಡನೇದು ಕಂಪ್ಯೂಟರಲ್ಲಿ ಇಲ್ಲ ಅಂತ ನರ್ಸು ಲಸಿಕೆ ಹಾಕ್ತಿಲ್ಲ."

"ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಿಸು ತಾಯಿ."

"ನಾಳೆ ಮೂರು ಹುಟ್ಟಿದ್ರೆ?"

"ಮತ್ತೊಂದು."

"ಹೀಗೇ ಬಾಲ ಬೆಳೆಸ್ತಾ ಹೋಗೋದಾ? ಮಕ್ಕಳಿಗೇ ಬೇರೆ ಟೇಬಲ್ ಮಾಡ್ತೀನಿ. ಮಗುವಿಗೊಂದು ಸಾಲು, ಪಕ್ಕದಲ್ಲಿ ತಾಯಿ ನಂಬರು. ಹತ್ತು ಹೆತ್ರೂ ಹಿಡಿಸುತ್ತೆ."

ಹದಿನಾರು ಹೆತ್ತ ನಮ್ಮತ್ತೆ ಕೇಳಿದ್ರೆ ಮಸಣದಿಂದ ಎದ್ದು ಬಂದು ಮುತ್ತು ಕೊಡ್ತಿದ್ರು.

"ಹಳೇ ಟೇಬಲ್ಲಿಂದ ಬರೋ ರಿಪೋರ್ಟೆಲ್ಲ ಎಕ್ಕುಟ್ಟೋಗುತ್ತೆ ಕಣೇ. ಸಾಹೇಬ್ರು ಉಗೀತಾರೆ."

"ಉಗೀಲಿ, ಒರೆಸ್ಕೋತೀನಿ. ರಿಪೋರ್ಟು ನಾಳೆ ಸರಿ ಮಾಡೋಣ. ಕೂಸಿಗೆ ಲಸಿಕೆ ಇವತ್ತೇ ಬೀಳಬೇಕು."

ಅಂದೋಳೇ ಮಹಡಿ ಮೇಲಿನ ಕಂಪ್ಯೂಟರ್ ರೂಮಿಗೆ ಮೆಟ್ಟಿಲು ಹತ್ತಿಬಿಟ್ಲು. ದಡಿಯ ಏದುಸಿರು ಬಿಡ್ತಾ ಹಿಂದೇನೇ ಓಡಿದ.

"ನಿಲ್ಲೇ, ಮೊದಲು ಹಳೇ ಟೇಬಲ್ಲನ್ನ ಕಾಪಿ ತೆಗೆದಿಟ್ಕೊಳ್ಳೋಣ!"