ಎರಡು ವರ್ಷದ ಮುತ್ತಜ್ಜಿ

ಹಲೋ... ಹಾಂ, ಹಾರ್ಲೋ ಊರಿನ ಇತಿಹಾಸ ಸಂಘವೇ. ಯಾರು ಮಾತಾಡ್ತಿರೋದು?...

ಯಾರು? ನೆಬ್ರಾಸ್ಕದ ಆರಿನ್ ಸ್ಟ್ರೌಡ್ ಅವರಾ? ನಾನೇ ಫೋನ್ ಮಾಡೋಣ ಅಂತಿದ್ದೆ. ನಾನು ವಿನಿಫ್ರೆಡ್ ಕೂಂಬ್ಸ್... ಹೌದು, ಸಂಘ ಅಂದ್ರೆ ನಾನೇ. ಅಧ್ಯಕ್ಷರು ಹೋದ ಚಳಿಗಾಲದಲ್ಲಿ ತೀರಿಕೊಂಡ್ರು...

ನೀವು ಮಾಡಿಸಿದ ಸಮಾಧಿ ಕಲ್ಲು ಬಂತು. ನಮ್ಮ ಕೊಟ್ಟಿಗೇಲಿದೆ. 'ಜೆರೂಶಾ ವಾಡ್ಲಿ, ಹನ್ನೊಂದು ಮಕ್ಕಳ ತಾಯಿ' ಅಂತ ದಪ್ಪಕ್ಷರದಲ್ಲಿ ಚೆನ್ನಾಗಿ ಕೆತ್ತಿದ್ದಾರೆ. ಇಲ್ಲ, ಇನ್ನೂ ನೆಟ್ಟಿಲ್ಲ. ಒಂದು ತೊಂದರೆ ಆಗಿದೆ. ಕೂತ್ಕೊಂಡಿದ್ದೀರಾ?...

ನಿಮ್ಮ ಮುತ್ತಜ್ಜಿಗೆ ಎರಡು ವರ್ಷ...

ಹಾಂ, ಎರಡು. ಸತ್ತಾಗ. ಹಳೇ ಕಲ್ಲು ಅರ್ಧ ಮಣ್ಣಲ್ಲಿ ಹೂತುಹೋಗಿತ್ತಲ್ಲ, ಮೇಲೆ ಅವಳ ಹೆಸರು, ಅಪ್ಪನ ಹೆಸರು, ಅಷ್ಟೇ ಕಾಣ್ತಿದ್ದದ್ದು. ನೀವು ಫೋಟೋದಲ್ಲಿ ನೋಡಿದ್ದೂ ಅಷ್ಟೇ. ಇವತ್ತು ಬೆಳಿಗ್ಗೆ ಸ್ಮಶಾನ ನೋಡ್ಕೊಳ್ಳೋ ನಮ್ಮ ಲೂಥರ್ ಹೊಸದು ನೆಡೋಕೆ ಅಂತ ಪಕ್ಕದಲ್ಲಿ ಅಗೆದ. ಉಳಿದರ್ಧ ಈಚೆ ಬಂತು. 'ಎರಡು ವರ್ಷದವಳು, ಗಂಟಲುಬೇನೆ' ಅಂತಿದೆ...

ಕೆತ್ತಿದವನು ತಪ್ಪು ಮಾಡಿದ್ದಾನೆ ಅಂತೀರಾ? ಎಂಬತ್ತೆರಡರಲ್ಲಿ ಎಂಬತ್ತು ಮರೆತುಬಿಟ್ಟ ಅಂತಲಾ? ಸ್ವಾಮಿ, ಕಲ್ಲೇ ನನ್ನ ಮೊಣಕಾಲೆತ್ತರ ಇದೆ. ದೊಡ್ಡೋರಿಗೆ ಆ ಅಳತೇಲಿ ಯಾರೂ ನಿಲ್ಲಿಸಲ್ಲ...

ಅಯ್ಯೋ, ನಿಮ್ಮ ವಂಶ ಎಲ್ಲೂ ಹೋಗಿಲ್ಲ, ಗಾಬರಿ ಆಗಬೇಡಿ. ಆ ಕಾಲದಲ್ಲಿ ಮಗು ಸತ್ರೆ, ಮುಂದೆ ಹುಟ್ಟಿದ ಮಗೂಗೆ ಅದೇ ಹೆಸರು ಇಡೋರು. ನಮ್ಮ ಮನೇಲೇ ಮೂರು ಜನ ಎಬೆನೀಜರ್. ಮೂರನೆಯವನು ಉಳಿದ, ಅದಕ್ಕೇ ನಾನಿದ್ದೀನಿ. ನಿಮ್ಮದೂ ಹಾಗೇ. ಇವಳು ಹೋದ್ಮೇಲೆ ಇನ್ನೊಬ್ಬ ಜೆರೂಶಾ ಹುಟ್ಟಿದಾಳೆ. ಹನ್ನೊಂದು ಹೆತ್ತೋಳು ಅವಳು. ನೀವು ಇಬ್ಬರನ್ನೂ ಸೇರಿಸಿ ಒಬ್ಬಳನ್ನ ಮಾಡಿದ್ದೀರಿ, ಅಷ್ಟೇ. ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂರು ವರ್ಷ ತುಂಬಿದಾಗಿಂದ ಎಲ್ಲರೂ ವಂಶವೃಕ್ಷ ಹಿಡ್ಕೊಂಡು ಬರ್ತಾರೆ, ಅರ್ಧ ಜನ ಇದೇ ತಪ್ಪು ಮಾಡ್ತಾರೆ...

ಆ ಎರಡನೇ ಜೆರೂಶಾ ಇಲ್ಲಿ ಮಣ್ಣಾಗಿಲ್ಲ, ಅಲ್ವಾ? ಗಂಡನ ಜೊತೆ ಎತ್ತಿನ ಬಂಡೀಲಿ ಪಶ್ಚಿಮಕ್ಕೆ ಹೋದಳು ಅಂತ ನೀವೇ ಹೇಳಿದ್ರಿ. ಮುದುಕಿ ಆದ್ಮೇಲೆ ಒಬ್ಬಳೇ ತವರಿಗೆ ಬಂದು ಪ್ರಾಣ ಬಿಟ್ಟಳು ಅನ್ನೋದು ಈ ಕಲ್ಲು ನೋಡಿ ನೀವು ಕಟ್ಟಿದ ಕಥೆ. ಕಥೆ ಚೆನ್ನಾಗಿತ್ತು. ನಾನೂ ನಂಬಿದ್ದೆ...

ಗೊತ್ತು. ನಿಮ್ಮ ತಾಯಿ ಶನಿವಾರ ಬರ್ತಾರೆ, ಅವರ ಕೈಯಿಂದಲೇ ಕಲ್ಲು ನಿಲ್ಲಿಸಬೇಕು. ಚರ್ಚಲ್ಲಿ ಬೇಯಿಸಿದ ಬೀನ್ಸಿನ ಊಟಕ್ಕೂ ಹೇಳಿಯಾಗಿದೆ...

ಏನಂದ್ರಿ? ಹಳೇದನ್ನ ಮತ್ತೆ ಮಣ್ಣಲ್ಲಿ ಮುಚ್ಚಿಬಿಡೋದಾ? ಅವರಿಗೆ ಹೇಳದೇನೇ?...

ನಿಮ್ಮ ತಾಯಿಗೆ ಎಂಬತ್ಮೂರು ವರ್ಷ, ಈ ಮಾತು ತಡಕೊಳ್ಳಲ್ಲ, ಸರಿ. ಆದ್ರೆ ಎರಡು ವರ್ಷದ ಕೂಸಿನ ಎದೆ ಮೇಲೆ ಹನ್ನೊಂದು ಮಕ್ಕಳನ್ನ ಹೊರಿಸೋದು ನನ್ನ ಕೈಲಾಗಲ್ಲ ಸ್ವಾಮಿ. ಲೂಥರ್ ಕೈಲೂ ಆಗಲ್ಲ. ಬೆಳಿಗ್ಗೆ ಆ ಕಲ್ಲು ಒರೆಸಿ ಟೋಪಿ ತೆಗೆದವನು ಇನ್ನೂ ಹಾಕ್ಕೊಂಡಿಲ್ಲ...

ಟಕ್ ಅಂತ ಏನು ಸದ್ದು? ನಮ್ಮ ಕಡೇದಲ್ಲ. ಇಲ್ಲಿ ನಾಲ್ಕು ಮನೆಗೆ ಒಂದೇ ಲೈನು, ಆದ್ರೆ ನಮ್ಮೋರು ಕದ್ದು ಕೇಳುವಾಗ ಸದ್ದು ಮಾಡಲ್ಲ. ನಿಮ್ಮ ಮನೇಲಿ ಇನ್ನೊಂದು ಫೋನ್ ಇದೆಯಾ?...

ಅಮ್ಮಾ?... ನಮಸ್ಕಾರ ಅಮ್ಮಾ. ಎಲ್ಲಾ ಕೇಳಿಸ್ಕೊಂಡ್ರಾ?... ಮೊದಲಿಂದಲೂ? ಕ್ಷಮಿಸಿ. ನಿಮ್ಮ ಮಗನ ಮೇಲೆ ಕೋಪ ಮಾಡ್ಕೋಬೇಡಿ, ಪಾಪ, ನಿಮಗೋಸ್ಕರಾನೇ...

ಹಾಂ?... ನಿಮ್ಮ ಹೆಸರೂ ಹಾಗೇ ಬಂದಿದ್ದಾ?... ಲವೀನಿಯಾ ಅನ್ನೋದು ತೀರಿಹೋದ ಅಕ್ಕನ ಹೆಸರಾ?...

ಹೇಳಿ ಅಮ್ಮಾ, ಕೇಳಿಸ್ತಿದೆ. ನಿಮ್ಮಮ್ಮ ಹೆಸರು ಹಿಡಿದು ಕೂಗಿದಾಗೆಲ್ಲ... ನಿಮ್ಮ ಬೆನ್ನ ಹಿಂದೆ ಇನ್ಯಾರನ್ನೋ ನೋಡಿದ ಹಾಗೆ...

ಇಲ್ಲ, ಇದ್ದೀನಿ. ಕುರ್ಚಿ ಎಳ್ಕೊಂಡೆ, ಅಷ್ಟೇ...

ಬರ್ತೀರಾ? ಅಮ್ಮಾ, ನಿಮ್ಮ ಜೆರೂಶಾ ಇಲ್ಲಿಲ್ಲ... ಗೊತ್ತಾಯ್ತಾ? ಈ ಮಗೂನ ನೋಡೋಕೇ ಬರ್ತೀರಾ?... ನಿಜ. ಅವಳನ್ನ ನೋಡೋಕೆ ಯಾರೂ ಬಂದಿರಲಿಕ್ಕಿಲ್ಲ. ಬಂದೋರೆಲ್ಲ ಇನ್ನೊಬ್ಬಳು ಅಂದ್ಕೊಂಡು ಬಂದೋರು...

ಹೊಸ ಕಲ್ಲಾ? ಬಿಸಾಡೋದ್ಯಾಕೆ? ತಿರುಗಿಸಿದ್ರಾಯ್ತು, ಹಿಂದುಗಡೆ ಖಾಲಿ ಇದೆ. ಲೂಥರ್ ಕೆತ್ತುತ್ತಾನೆ. ಹನ್ನೊಂದು ಮಕ್ಕಳು ಸ್ಮಶಾನದ ಗೋಡೆ ಕಡೆ ಮುಖ ಮಾಡ್ಕೊಂಡಿರ್ತಾರೆ. ಏನು ಬರೆಸೋಣ?...

'ಜೆರೂಶಾಳ ಅಕ್ಕ ಜೆರೂಶಾ.' ಅಷ್ಟೇನಾ?... ಓದಿದೋರು ಈ ಊರಿಗೆ ತಲೆ ಕೆಟ್ಟಿದೆ ಅಂತಾರೆ ಅಮ್ಮಾ... ಅನ್ನಲಿ ಬಿಡಿ, ಈಗೇನು ಅನ್ನಲ್ವಾ...

ಬಸ್ಸಿನ ಹತ್ರ ನಾನೇ ಬರ್ತೀನಿ. ಗುರುತು ಹೇಗೆ ಹಿಡೀಲಿ? ನೀಲಿ ಕೋಟಾ?... ಆಯ್ತು. ಹೆಸರು ಹಿಡಿದು ಕೂಗ್ಲಾ?...

ಕೂಗ್ತೀನಿ ಅಮ್ಮಾ. ನಿಮ್ಮ ಬೆನ್ನ ಹಿಂದೆ ನೋಡಲ್ಲ. ನಿಮ್ಮ ಮುಖಾನೇ ನೋಡಿ ಕೂಗ್ತೀನಿ, ಲವೀನಿಯಾ ಅಂತ... ಕೇಳಿಸ್ತಾ?... ಲವೀನಿಯಾ?... ಹಾಂ, ಈಗ ಓಗೊಟ್ರಿ. ಶನಿವಾರಾನೂ ಹೀಗೇ ಓಗೊಡಿ...