ಅಪ್ಪನ ಮಡುವು

...ಹಂಗಲ್ಲ ಗೊಲ್ಲಾಳಾ, ಕಾಲು ಸಡಲ ಬಿಡು. ಬಿಗಿ ಹಿಡದ್ರ ಮೀನ ಮುಟ್ಟಿದ್ದು ತಿಳಿಯಂಗಿಲ್ಲ. ಗಾಳದ ದಾರ ನಿನ್ನ ಕಾಲ ಹೆಬ್ಬಟ್ಟಿಗೇ ಕಟ್ಟೀನಿ. ಜಗ್ಗಿತಂದ್ರ ಹೇಳು, ನಾ ಎಳೀತೀನಿ. ಕೈ ಇಲ್ಲಂದ್ರ ಏನಾತು ತಮ್ಮಾ, ಕಾಲ ಅವಲ್ಲ. ಯಾಕ ನಗ್ತಿ? ನಗು, ನಗು. ನಿನ್ನ ಮಾರಿ ಮ್ಯಾಲ ನಗಿ ನೋಡಿ ವರ್ಷ ಆತು.

ನೀರು ನೋಡು, ಹೆಂಗ ಕೆಂಪಾಗ್ಯಾದ. ಮೊದಲ ಮಳಿದು. ಚಿಂಚೋಳಿ ಕಡಿ ಸುರದಿದ್ದು ಇವತ್ತು ಇಲ್ಲಿ ಬಂದದ. ಭೀಮಾದಾಗಿನ ಬಾಳಿ ಮೀನ ಈಗ ಈ ಕಾಗಿಣಾ ಹೊಳಿ ಹತ್ತತಾವ, ತತ್ತಿ ಇಡಾಕ. ತುಂಬಿದ ಹೊಟ್ಟಿ ಹೊತಕೊಂಡು ಎದುರು ನೀರಿಗಿ ಬರ್ತಾವ, ಈ ಮಡುವಿನಾಗ ಜರಾ ದಣಿವಾರಿಸ್ಕೋತಾವ. ಅದಕ್ಕೇ ಅಪ್ಪ ಈ ಕಲ್ಲಿನ ಮ್ಯಾಲೇ ಕುಂದ್ರತಿದ್ದ. ಬಲಿ ಬ್ಯಾಡ, ಒಂದ ಮೀನಕ್ಕ ಒಂದ ಗಾಳ ಸಾಕು, ಅಂತಿದ್ದ. ಸಾಯೋ ಮುಂದ ಕೋಲು ನನ್ನ ಕೈಯಾಗ ಕೊಟ್ಟ. ನೀ ಭಾಳ ಸಣ್ಣಾಂವ, ನಿಂಗ ನೆನಪಿರಲಿಕ್ಕಿಲ್ಲ.

ಹ್ಞಾಂ? ನೆನಪದ? ಇರಲಿ ಬಿಡು.

ಇಪ್ಪತ್ತು ವರ್ಷ ಕುಂತೀನಿ ಇಲ್ಲಿ. ಶಹಾಬಾದ ಸಂತ್ಯಾಗ ಸಾಬಣ್ಣನ ಮೀನ ಅಂದ್ರ ಮಂದಿ ಕಾಯ್ತಿದ್ರು. ತಹಸೀಲ್ದಾರ್ ಸಾಹೇಬ್ರ ಮನಿ ಅಡಗಿಯಾಂವ ಸೈತ ಮೊದಲ ನನ್ನ ಬುಟ್ಟಿ ನೋಡತಿದ್ದ. ರಜಾಕಾರ್ರ ಗದ್ಲದಾಗ ಅರ್ಧಾ ಊರು ಖಾಲಿ ಆತು, ಆವಾಗೂ ನಾ ಈ ದಂಡಿ ಬಿಡಲಿಲ್ಲ. ಗದ್ಲ ಮುಗೀತು, ನೀ ಭಂಕೂರ ಕಡಿ ಖಣಿಗಿ ಹ್ವಾದಿ. ಮದ್ದಿಟ್ಟು ಕಲ್ಲಿಗಿ ಸುರುಂಗ ಹಾರಸೋದು ಕಲ್ತಿ. ಕಲೀಲಿ, ತಮ್ಮ ನಾಕು ಮಂದಿಯಂಗ ಆಗಲಿ ಅಂದೆ ನಾ. ಅಂದಿಲ್ಲೇನು? ಅಂದೀನಿ.

ಆಮ್ಯಾಲ ಹೋದ ವರ್ಷ, ಇದೇ ಮಳಿ ದಿನದಾಗ, ಖಣಿಯಾಗಿನ ಮದ್ದಿನ ತೋಟಾ ತಂದು ಈ ನೀರಾಗ ಒಗದಿ. ಅಪ್ಪನ ಮಡುವಿನಾಗ. ಧಡಲ್ ಅಂತು... ಮೀನ ಹೊಟ್ಟಿ ಮ್ಯಾಲ ಮಾಡಿ ತೇಲಿದ್ವು. ತತ್ತಿ ಹೊತ್ತಿದ್ವು, ಉಗುರಿನಷ್ಟು ಮರಿ, ಎಲ್ಲಾ. ಹತ್ತು ಬುಟ್ಟಿ ತುಂಬಿದಿ. ನಾ ಕೋಲು ಹಿಡಕೊಂಡು ಇಲ್ಲೇ ನಿಂತಿದ್ದೆ, ಮುಂಜಾನಿಂದ ಎರಡೇ ಎರಡು ಹಿಡದಿದ್ದೆ. ನೀ ಏನಂದಿ? "ಅಣ್ಣಾ, ಆ ಕೋಲು ಒಲಿಗಿ ಹಾಕು." ಎಲ್ಲಾರೂ ನಕ್ರು. ಬಾಜೂ ಮನಿ ಕಲ್ಯಾಣಪ್ಪ ನಕ್ಕ. ನನ್ನ ಹೆಂಡ್ತಿ ಪೀರಮ್ಮ... ಅಕಿನೂ ನಕ್ಕಳು. ಬ್ಯಾರೆಯವ್ರು ನಗಲಿ, ಅಕಿ ನಗಬಾರದಿತ್ತು.

ಸಿಟ್ಟಿಲ್ಲ ನಂಗ. ಸಿಟ್ಟಿದ್ರ ಮುಂದಿನ ವಾರ ಎರಡನೇ ತೋಟಾ ನಿನ್ನ ಕೈಯಾಗೇ ಹಾರಿದಾಗ, ನಿನ್ನ ಬೆನ್ನ ಮ್ಯಾಲ ಹೊತಕೊಂಡು ದವಾಖಾನಿತನಕ ಓಡ್ತಿದ್ನೇನು? ನಿನ್ನ ರಗತದ ಕಲಿ ಇನ್ನೂ ನನ್ನ ಧೋತರದಾಗ ಅದ. ಇಂಥಾ ಅಣ್ಣ ಎಲ್ಲೂ ಸಿಗಂಗಿಲ್ಲ ಅಂತ ಊರಾಗ ಅಂತಾರ. ಗುರುಲಿಂಗಯ್ಯ ಸ್ವಾಮಿಗೋಳು ಮಠದಾಗ ಎಲ್ಲಾರ ಮುಂದ ನನ್ನ ಹೆಸರು ತಗೊಂಡ್ರು. ನಂಗ ಅದು ಬೇಕಾಗಿಲ್ಲ. ಆದ್ರ ತಗೊಂಡ್ರು.

ಅಮೃತಮ್ಮನ ಮನಿಯವ್ರು ಲಗ್ನ ಮುರದ್ರು ಅಂತ ಇನ್ನೂ ಕೊರಗ್ತಿ ಏನು? ಬಿಡು. ತಾಳಿ ಹೆಂಗ ಕಟ್ಟತಿದ್ದಿ ನೀ, ಹಲ್ಲಿಲೆ? ...ಮಾರಿ ತಿರವಬ್ಯಾಡ, ಚಾಷ್ಟಿ ಮಾಡ್ದೆ.

ಜಹಾಂಗೀರನ ಸುದ್ದಿ ಕೇಳಿದೇನು? ಖಣಿಯಾಗ ಮದ್ದಿನ ಕೋಣಿ ಕಾಯ್ತಿದ್ನಲ್ಲ, ಕದ್ದು ನಿಂಗ ತೋಟಾ ಕೊಟ್ಟಾಂವ. ಇನ್ನೂ ಜೈಲಿನಾಗೇ ಅದಾನ. ಕೆಟ್ಟ ಬತ್ತಿ ಕೊಟ್ಟ, ಸರ್ರನೆ ಉರದ್ಹೋತು ಅಂತ ಪೊಲೀಸ್ ಅಮೀನ ಸಾಹೇಬ್ರ ಮುಂದ ನೀನೇ ಹೇಳ್ದಿ. ಅಂವನ ಹೆಂಡ್ತಿ ಈಗ ಅದೇ ಖಣಿಯಾಗ ಕಲ್ಲು ಹೊರಲಿಕತ್ತಾಳ. ಅಳಬ್ಯಾಡ. ಯಾರದರೆ ಒಬ್ಬರ ತಪ್ಪು ಇರಬೇಕಲ್ಲ.

ಆದ್ರ ತಪ್ಪು ನಿಂದೂ ಅದ. ಬತ್ತಿ ಹಚ್ಚಿದ ಕೂಡ್ಲೇ ಒಗೀಬೇಕು. ನೀ ಏನ್ ಮಾಡ್ದಿ? ಕೈಯಾಗ ಹಿಡಕೊಂಡು, ನನ್ನ ಕಡಿ ತಿರುಗಿ ನಕ್ಕೋತ ನಿಂತಿ. ನಾಕು ಬಟ್ಟು ಬತ್ತಿ ಎಷ್ಟೊತ್ತು ಉರೀತದ?

ಯಾಕ?

ಏನ್ ನೋಡ್ಲಿಕತ್ತಿ?

ನಾಕು ಬಟ್ಟು ಅಂದ್ನೇನು? ಮೊಳ. ಮೊಳ ಬತ್ತಿ ಇತ್ತು, ಗೊತ್ತದ ನಂಗ. ಬಾಯಿ ತಪ್ಪಿ ಬಂತು. ಅಮೀನ ಸಾಹೇಬ್ರು ಅಂದಿದ್ರು ಅನಸ್ತದ... ಇಲ್ಲ, ಅವ್ರು ನೋಡಿದ್ದೇನದ, ಎಲ್ಲಾ ಸುಟ್ಟು ಹೋಗಿತ್ತು. ಹಂಗಾರ ಜಹಾಂಗೀರ ಅಂದಿರಬೇಕು. ಇಲ್ಲ... ಅಂವ ಮೊಳ ಕೊಟ್ಟೀನಂತ ಕುರಾನ ಮುಟ್ಟಿದ್ದ.

ಏನರೆ ಅನ್ನು ಗೊಲ್ಲಾಳಾ. ಬೈ.

ಆ ಎರಡನೇ ತೋಟಾ ನೀನೇ ಜ್ವಾಳದ ಗಡಗಿ ಹಿಂದ ಇಟ್ಟಿದ್ದಿ. ಬತ್ತಿ ತೋಟಾಕ್ಕ ಸುತ್ತಿ, ತುದಿ ಅಷ್ಟೇ ಹೊರಗ ಬಿಟ್ಟಿದ್ದಿ. ಮೀನ ಹಸನ ಮಾಡೋ ಚೂರಿ ಅದಲ್ಲ, ಅದರಿಂದ ಒಂದೇ ಎಳತ. ನಾಕು ಬಟ್ಟು ಬಿಟ್ಟು, ತುದಿ ಹೊರಗ ತೆಗದು, ಕಡದ ತುಂಡು ಮ್ಯಾಲ ಹಂಗೇ ಸುತ್ತಿದೆ, ನೋಡಾಕ ಮೊಳಾನೇ ಕಾಣಲಿ ಅಂತ. ಸಾಯಲಿ ಅಂತ ಅಲ್ಲ. ಸತ್ರ ನಂಗೇನು ಬಂತು? ಕೈ ಹೋಗಲಿ ಅಂತ.

ಎಲ್ಲಿಗಿ ಏಳ್ತಿ? ದಾರ ಕಾಲಿಗಿ ಅದ, ಬೀಳ್ತಿ. ಬಿಚ್ಚಾಕ ನಿಂಗ ಬರಂಗಿಲ್ಲ.

ಊರಿಗಿ ಹೋಗಿ ಹೇಳ್ತಿ? ಹೇಳು. ಮೊದಲ ಜಹಾಂಗೀರನ ಹೆಸರು ಹೇಳ್ದ, ಈಗ ಬೆನ್ನ ಮ್ಯಾಲ ಹೊತ್ತ ಅಣ್ಣನ ಹೆಸರು ಹೇಳಾಕತ್ತಾನ, ಕೈ ಹೋದಂಗ ತಲಿನೂ ಹೋಗ್ಯಾದ, ಅಂತಾರ. ಪೀರಮ್ಮನೂ ಹಂಗೇ ಅಂತಾಳ. ಈಗ ಅಕಿ ನನ್ನ ಮುಂದ ನಗಂಗಿಲ್ಲ.

ಕುಂದ್ರು. ಹೊತ್ತು ನೆತ್ತಿಗಿ ಬಂತು. ರೊಟ್ಟಿ, ಪುಂಡಿಪಲ್ಯ ಕಟ್ಯಾಳ. ಮುರದು ಹಚ್ಚಿ ಕೊಡ್ತೀನಿ.

ಬಾಯಿ ತೆಗಿ.

ತೆಗಿ ತಮ್ಮಾ. ಹಲ್ಲು ಕಚ್ಚಕೊಂಡ್ರ ಹೊಟ್ಟಿ ಕೇಳ್ತದೇನು? ಸಂಜಿತನಕ ತಡೀತಿ. ನಾಳಿ ಮುಂಜಾನಿತನಕ ತಡೀತಿ. ಆಮ್ಯಾಲ ಇದೇ ಕೈ ಕಡಿ ನೋಡ್ತಿ.